ಒಂದು ತೂಕದ ಚೀಟಿ, ನಾಲ್ಕು ಅಳತೆ: ನಮ್ಮ ಸಾಫ್ಟ್‌ವೇರ್‌ಗೆ ಯಾವುದು ಒದಗಿತು

ಎರಡು ವರ್ಷದ ಹಿಂದಿನ ಜನವರಿ. ರೋಬಸ್ಟಾ ಕೊಯ್ಲು ಜೋರಾಗಿತ್ತು. ಕೊಡಗಿನ ಪೊನ್ನಂಪೇಟೆ ಕಡೆಯ ಒಂದು ತೋಟದಲ್ಲಿ ಶನಿವಾರ ಸಂಜೆ ಬಟವಾಡೆ ನಡೆಯುತ್ತಿತ್ತು. ಕಾಫಿ ಕೊಯ್ಯುವ ಅಕ್ಕ ಒಬ್ಬರು ವಾರದ ತೂಕದ ಚೀಟಿಗಳನ್ನೆಲ್ಲ ತೋಟದ ಲೆಕ್ಕ ಬರೆಯುವ ರೈಟರ್ ಮುಂದೆ ಹರವಿದರು. "ರೈಟರೇ, ನಾನು ಕೂಡಿದ್ರೆ ಐದು ಕೆ.ಜಿ. ಜಾಸ್ತಿ ಬರ್ತದೆ. ನಿಮ್ಮ ಫೋನಲ್ಲಿ ಯಾಕೆ ಕಮ್ಮಿ?" ಎಂದು ಕೇಳಿದರು. ರೈಟರ್ ಮತ್ತೆ ಕೂಡಿ ನೋಡಿದರು. ಅಕ್ಕನ ಲೆಕ್ಕವೇ ಸರಿ ಇತ್ತು. ತಪ್ಪು ನಾವು ಬರೆದ ಸಾಫ್ಟ್‌ವೇರಿನದು.

ಆ ತೋಟದಲ್ಲಿ ದಿನಕ್ಕೆ ಎರಡು ಸಲ ತೂಕ ಹಾಕುತ್ತಾರೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ನಮ್ಮ ಆ್ಯಪ್ ಪ್ರತಿ ತೂಕದಲ್ಲೂ ಬಿಂದುವಿನ ಆಚೆಗಿನ ಅಂಕಿಯನ್ನು ಬಿಟ್ಟು ಆಮೇಲೆ ಕೂಡುತ್ತಿತ್ತು. 46.7 ಕೆ.ಜಿ. ಇದ್ದದ್ದು 46 ಆಗುತ್ತಿತ್ತು. ವಾರಕ್ಕೆ ಹನ್ನೆರಡು ತೂಕ. ಒಂದೊಂದರಲ್ಲೂ ಅರ್ಧ ಕೆ.ಜಿ.ಯ ಹತ್ತಿರ ಹೋದರೆ ಎಷ್ಟಾಯಿತು ನೋಡಿ. ಕೆ.ಜಿ. ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಅದು ಸಣ್ಣ ಮಾತಲ್ಲ. ಮೂರು ವಾರ ಹೀಗೇ ನಡೆದಿತ್ತು. ಮುಂದಿನ ಬಟವಾಡೆಯಲ್ಲಿ ಎಲ್ಲರಿಗೂ ಬಾಕಿ ಸೇರಿಸಿ ಕೊಟ್ಟರು. ಆದರೆ ಆ ಚೀಟಿಗಳು ನನ್ನ ಮನಸ್ಸಿನಿಂದ ಹೋಗಲಿಲ್ಲ. ನಾವೇನು ನಮ್ಮ ಕೆಲಸವನ್ನು ಅಳೆಯದೆ ಕೂತವರಲ್ಲ. ಆಫೀಸಿನ ಗೋಡೆ ಮೇಲೆ ಗ್ರಾಫ್‌ಗಳಿದ್ದವು. ಎಲ್ಲ ಗೆರೆಗಳೂ ಮೇಲಕ್ಕೇ ಹೋಗುತ್ತಿದ್ದವು.

ನಾವು ಐದು ಜನ. ಗೋಣಿಕೊಪ್ಪಲಿನಲ್ಲಿ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ತೋಟಗಳಿಗೆ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ), ತೂಕ, ಮುಂಗಡ, ಕೂಲಿ ಲೆಕ್ಕದ ಆ್ಯಪ್ ಮಾಡುತ್ತೇವೆ. ಈ ಕೆಲವು ವರ್ಷಗಳಲ್ಲಿ ಗುಣಮಟ್ಟ ಅಳೆಯುವ ನಾಲ್ಕು ವಿಧಾನಗಳನ್ನು ಒಂದಾದ ಮೇಲೊಂದು ಬಳಸಿ ನೋಡಿದೆವು. ಅವನ್ನು ಈಗ ಪಕ್ಕಪಕ್ಕ ಇಟ್ಟು ಹೋಲಿಸುತ್ತೇನೆ. ಎಲ್ಲಕ್ಕೂ ಆ ತೂಕದ ಚೀಟಿಯೇ ಪರೀಕ್ಷೆ.

ಇನ್ನೊಂದು ಪರೀಕ್ಷೆಯನ್ನು ನಮ್ಮ ಮನೆಯ ಅಂಗಳದಿಂದ ತಂದಿದ್ದೇನೆ. ಕೊಡಗಿನ ತೋಟದ ಮನೆಗಳಲ್ಲಿ ರೈನ್‌ಗೇಜ್ ಇರುತ್ತದಲ್ವಾ? ಅಪ್ಪ ಬೆಳಗ್ಗೆ ಎದ್ದು ಅದನ್ನು ನೋಡಿ ಡೈರಿಯಲ್ಲಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆಯುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಆ ಅಂಕಿಯ ಮೇಲೆ ದೊಡ್ಡ ತೀರ್ಮಾನ ನಿಂತಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚಿನಷ್ಟು ಬಿದ್ದರೆ ನೆಮ್ಮದಿ. ಮೂವತ್ತು ಸೆಂಟ್ ಬಿದ್ದು ನಿಂತುಬಿಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು. ಅಂಕಿ ನೋಡಿದ ಮೇಲೆ ಅಪ್ಪ ಏನೋ ಒಂದು ಮಾಡುತ್ತಾರೆ. ಇನ್ನೊಂದು ವಿಷಯ, ಮಳೆ ಕಮ್ಮಿ ಬಿತ್ತು ಅಂತ ಅಪ್ಪನನ್ನು ಯಾರೂ ಬೈಯುವುದಿಲ್ಲ. ಹಾಗಾಗಿ ಡೈರಿಯಲ್ಲಿ ಸುಳ್ಳು ಅಂಕಿ ಇರಲು ಕಾರಣವೇ ಇಲ್ಲ. ನಮ್ಮ ಅಳತೆಗಳಿಗೂ ಇದನ್ನೇ ಕೇಳಿದೆ: ಅಂಕಿ ನೋಡಿ ಮರುದಿನ ನಾವು ಏನಾದರೂ ಬೇರೆ ಮಾಡಿದೆವಾ?

ಮೊದಲನೆಯದು ಸ್ಟೋರಿ ಪಾಯಿಂಟ್. ಎರಡು ವಾರಕ್ಕೊಮ್ಮೆ ಕೂತು ಪ್ರತಿ ಕೆಲಸ ಎಷ್ಟು ದೊಡ್ಡದು ಎಂದು ಅಂದಾಜು ಮಾಡಿ 3, 5, 8 ಎಂದು ಪಾಯಿಂಟ್ ಹಾಕುವುದು, ಮುಗಿದವನ್ನು ಕೂಡುವುದು. ಮೊದಲ ತಿಂಗಳು 21ರ ಸುತ್ತ ಇತ್ತು. ನಾಲ್ಕೇ ತಿಂಗಳಲ್ಲಿ 34ಕ್ಕೆ ಏರಿತು. ಕೆಲಸ ಜಾಸ್ತಿ ಆಗಿರಲಿಲ್ಲ. ಮೊದಲು 3 ಎನ್ನುತ್ತಿದ್ದ ಕೆಲಸಕ್ಕೆ 5 ಎನ್ನತೊಡಗಿದ್ದೆವು, ಅಷ್ಟೇ. ಯಾರೂ ಬೇಕಂತ ಮಾಡಿದ್ದಲ್ಲ. ಗೆರೆ ಮೇಲೆ ಹೋದರೆ ಎಲ್ಲರಿಗೂ ಖುಷಿ ಆಗುತ್ತಿತ್ತು, ಅಂದಾಜು ತಾನಾಗಿ ಹಿಗ್ಗಿತು. ಅಂಕಿಯನ್ನೇ ಗುರಿ ಮಾಡಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಓಡಾಡುತ್ತದೆ. ಅವರು 1975ರಲ್ಲಿ ಹೇಳಿದ್ದು ಹಣಕಾಸು ನೀತಿಯ ಬಗ್ಗೆ. ನಮ್ಮ ಐದು ಜನರ ಕೋಣೆಗೂ ಅದು ಹಾಗೆಯೇ ಒಪ್ಪಿತು. ಆ ತೂಕದ ಫೀಚರ್‌ಗೆ ನಾವು ಕೊಟ್ಟದ್ದು 8 ಪಾಯಿಂಟ್. ಆ ಹದಿನೈದು ದಿನ ನಮ್ಮ ಅತಿ ಹೆಚ್ಚಿನ ಮೊತ್ತ ಬಂದಿತ್ತು.

ಬರೆದ ಸಾಲುಗಳನ್ನು ಎಣಿಸುವ ಪದ್ಧತಿಯನ್ನಂತೂ ನಾವು ಮುಟ್ಟಲಿಲ್ಲ. 1982ರಲ್ಲಿ ಆ್ಯಪಲ್‌ನಲ್ಲಿ ಲಿಸಾ ಕಂಪ್ಯೂಟರಿನ ಕೆಲಸ ನಡೆಯುವಾಗ ವಾರ ವಾರ ಎಷ್ಟು ಸಾಲು ಬರೆದಿರಿ ಎಂದು ಫಾರ್ಮ್ ತುಂಬಿಸುತ್ತಿದ್ದರು. ಅಲ್ಲಿನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಒಂದು ವಾರ ಹಳೆ ಕೋಡನ್ನು ಚಿಕ್ಕದಾಗಿ, ವೇಗವಾಗಿ ಓಡುವಂತೆ ತಿದ್ದಿದ್ದರು. ಫಾರ್ಮ್‌ನಲ್ಲಿ ಮೈನಸ್ 2000 ಎಂದು ಬರೆದರು. ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಮಾರುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. 50 ಕೆ.ಜಿ. ಮೂಟೆಗಳು ಎಷ್ಟಿವೆ ಎನ್ನುವುದರಲ್ಲಿ ಬೆಲೆ ಮುಗಿಯುವುದಿಲ್ಲ. ಆ ಮೂಟೆಯಿಂದ ಎಷ್ಟು ಕೆ.ಜಿ. ಬೇಳೆ ಬರುತ್ತದೆ, ಅಂದರೆ ಔಟ್‌ಟರ್ನ್ ಎಷ್ಟು ಎಂದು ನೋಡಿಯೇ ವ್ಯಾಪಾರಿ ದರ ಹೇಳುವುದು.

ಎರಡನೆಯದು ಟೆಸ್ಟ್ ಕವರೇಜ್. ಟೆಸ್ಟ್ ಎಂದರೆ ಕೋಡ್ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡಲು ಬರೆಯುವ ಸಣ್ಣ ಪ್ರೋಗ್ರಾಂ. ಅದನ್ನು ಓಡಿಸಿದಾಗ ಕೋಡಿನ ಎಷ್ಟು ಸಾಲುಗಳು ಒಮ್ಮೆಯಾದರೂ ಓಡಿದವು ಎಂಬ ಶೇಕಡಾ ಲೆಕ್ಕ. ಇದರ ಬಗ್ಗೆ ನನಗೆ ಗೌರವವೂ ಇದೆ, ಸಿಟ್ಟೂ ಇದೆ. ಒಂದು ಮಳೆಗಾಲ ಪೂರ್ತಿ ಇದಕ್ಕೇ ಕೊಟ್ಟೆವು. ಜೂನ್‌ನಲ್ಲಿ 41 ಇದ್ದದ್ದು ಸೆಪ್ಟೆಂಬರ್‌ಗೆ 83 ಆಯಿತು. ಶುರುವಿನಲ್ಲಿ ಲಾಭ ಕಣ್ಣಿಗೆ ಕಾಣುತ್ತಿತ್ತು. ಬಣ್ಣ ಹಚ್ಚಿದ ವರದಿ ತೆರೆದರೆ ಮುಂಗಡ ಕಳೆಯುವ ಭಾಗ ಪೂರ್ತಿ ಕೆಂಪು. ಅಲ್ಲಿ ಒಂದೂ ಟೆಸ್ಟ್ ಇರಲಿಲ್ಲ. ಟೆಸ್ಟ್ ಬರೆಯಲು ಕೂತಾಗ ಎರಡು ತಪ್ಪು ಸಿಕ್ಕಿದವು. ಒಬ್ಬರು ಕೆಲಸ ಬಿಟ್ಟು ಮತ್ತೆ ಸೇರಿದರೆ ಹಳೆ ಮುಂಗಡ ಎರಡು ಸಲ ಕಳೆದುಹೋಗುತ್ತಿತ್ತು. ಇಂಥದ್ದು ತೋಟಕ್ಕೆ ಹೋಗುವ ಮೊದಲೇ ಸಿಕ್ಕಿದ್ದು ಎಷ್ಟು ಒಳ್ಳೆಯದಾಯಿತು!

ಕೆಟ್ಟದ್ದು ಆಮೇಲೆ ಶುರುವಾಯಿತು. 80ಕ್ಕಿಂತ ಕಮ್ಮಿ ಇದ್ದರೆ ರಿಲೀಸ್ ಇಲ್ಲ, ಅಂದರೆ ಆ್ಯಪಿನ ಹೊಸ ಆವೃತ್ತಿ ತೋಟಗಳಿಗೆ ಹೋಗುವುದಿಲ್ಲ ಎಂದು ನಿಯಮ ಮಾಡಿದೆವು. ಆಮೇಲೆ ಬಂದ ಟೆಸ್ಟ್‌ಗಳಲ್ಲಿ ಕೆಲವು ಕೋಡನ್ನು ಸುಮ್ನೆ ಓಡಿಸುತ್ತಿದ್ದವು. ಉತ್ತರ ಸರಿಯೋ ತಪ್ಪೋ ಎಂದು ಕೇಳುತ್ತಲೇ ಇರಲಿಲ್ಲ. ತೂಕದ ಕೋಡಿಗೆ ಟೆಸ್ಟ್ ಇತ್ತು, ಉತ್ತರವನ್ನೂ ನೋಡುತ್ತಿತ್ತು. ಆದರೆ ಅದಕ್ಕೆ ಕೊಟ್ಟ ತೂಕಗಳು 40 ಮತ್ತು 52. ಬಿಂದುವೇ ಇಲ್ಲದ ಅಂಕಿಗಳು. ಸಾಲು ಹಸಿರಾಗಿ ಕೂತಿತ್ತು. ತಪ್ಪೂ ಅದರೊಳಗೇ ಕೂತಿತ್ತು.

ಟೆಸ್ಟ್‌ಗಳ ಕಣ್ಣು ಎಷ್ಟು ಚುರುಕು ಎಂದು ನೋಡಲು ಬೇರೆ ದಾರಿ ಇದೆ, ಮ್ಯುಟೇಶನ್ ಟೆಸ್ಟಿಂಗ್. ರಿಚರ್ಡ್ ಲಿಪ್ಟನ್ 1971ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ ಹೇಳಿದ ಯೋಚನೆ ಇದು. 1978ರಲ್ಲಿ ಡಿಮಿಲ್ಲೊ, ಲಿಪ್ಟನ್, ಸೇವರ್ಡ್ ಮೂವರೂ ಸೇರಿ ಅದನ್ನು ವಿವರವಾಗಿ ಬರೆದರು. ಯಂತ್ರವೇ ಕೋಡಿನಲ್ಲಿ ಬೇಕಂತಲೇ ಸಣ್ಣ ಸಣ್ಣ ತಪ್ಪು ಮಾಡುತ್ತದೆ. ಕೂಡುವಲ್ಲಿ ಕಳೆಯುತ್ತದೆ, ಒಂದು ಆದೇಶವನ್ನು ಕಿತ್ತು ಹಾಕುತ್ತದೆ. ಆಗಲೂ ಟೆಸ್ಟ್‌ಗಳೆಲ್ಲ ಪಾಸ್ ಆದರೆ ಆ ಜಾಗದಲ್ಲಿ ಟೆಸ್ಟ್ ಕುರುಡು ಎಂದರ್ಥ. ನಮ್ಮ ಹಳೆ ಕೋಡಿನ ಮೇಲೆ ಓಡಿಸಿ ನೋಡಿದೆ. ಬಿಂದುವಿನ ಆಚೆಯದನ್ನು ಬಿಡುವ ಆದೇಶವನ್ನು ಕಿತ್ತು ಹಾಕಿದರೂ ಎಲ್ಲ ಟೆಸ್ಟ್‌ಗಳು ಪಾಸ್! ಆ ವರದಿ ಡಿಸೆಂಬರಿನಲ್ಲೇ ನಮ್ಮ ಕೈಯಲ್ಲಿ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಇದಕ್ಕೆ ತುಂಬ ಹೊತ್ತು ಬೇಕು. ಜುಲೈ ತಿಂಗಳಲ್ಲಿ ರಾತ್ರಿ ಹಚ್ಚಿಟ್ಟು ಹೋದರೆ ಕರೆಂಟ್ ಹೋಗಿ ಇನ್ವರ್ಟರ್ ಖಾಲಿಯಾಗಿ ಅರ್ಧಕ್ಕೇ ನಿಂತಿರುತ್ತದೆ. ಅದಕ್ಕೇ ಕೂಲಿ ಲೆಕ್ಕದ ಭಾಗಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಅಲ್ಲಿ ಅದು ಬೇಕೇ ಬೇಕು.

ಕೋಡ್ ಎಷ್ಟು ಕವಲೊಡೆದಿದೆ ಎಂದು ಎಣಿಸುವ ಒಂದು ಅಳತೆಯೂ ಇದೆ. ಥಾಮಸ್ ಮೆಕ್‌ಕೇಬ್ 1976ರಲ್ಲಿ ಕೊಟ್ಟದ್ದು. ಒಂದು ಫಂಕ್ಷನ್‌ಗೆ, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡಿಗೆ, 10ರ ಒಳಗಿರಲಿ ಎನ್ನುತ್ತಾರೆ. ನಮ್ಮ ಕೂಲಿ ಲೆಕ್ಕದ್ದು 31 ಇತ್ತು, ಒಡೆದು ಸಣ್ಣದು ಮಾಡಿದೆವು. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಮೂರನೆಯದು ಡೋರಾ (DORA, ಡೆವ್‌ಆಪ್ಸ್ ರಿಸರ್ಚ್ ಆ್ಯಂಡ್ ಅಸೆಸ್‌ಮೆಂಟ್ ಎಂಬ ಸಂಶೋಧನಾ ತಂಡ) ಅಳತೆಗಳು. ನಿಕೋಲ್ ಫೋರ್ಸ್‌ಗ್ರೆನ್, ಜೆಝ್ ಹಂಬಲ್, ಜೀನ್ ಕಿಮ್ 2018ರಲ್ಲಿ ಪುಸ್ತಕ ತಂದ ಮೇಲೆ ಎಲ್ಲೆಡೆ ಹಬ್ಬಿದ ನಾಲ್ಕು ಪ್ರಶ್ನೆಗಳು. ಎಷ್ಟು ಸಲ ರಿಲೀಸ್ ಮಾಡುತ್ತೀರಿ, ಬರೆದ ಬದಲಾವಣೆ ಬಳಕೆದಾರರ ಕೈ ಸೇರಲು ಎಷ್ಟು ಹೊತ್ತು, ಎಷ್ಟು ರಿಲೀಸ್ ಕೆಡುತ್ತವೆ, ಕೆಟ್ಟದ್ದು ಸರಿಯಾಗಲು ಎಷ್ಟು ಹೊತ್ತು. ಬಟವಾಡೆಯ ಪ್ರಸಂಗ ಆದ ಮೇಲೆ ಇದನ್ನು ಹಿಡಿದೆವು.

ಇದು ನಮ್ಮ ಕೆಲಸದ ರೀತಿಯನ್ನು ನಿಜವಾಗಿ ಬದಲಿಸಿತು. ಕೋಡ್ ಮುಗಿದು ತೋಟದ ಫೋನ್ ಸೇರಲು ಸರಾಸರಿ ಹನ್ನೊಂದು ದಿನ ಹಿಡಿಯುತ್ತಿತ್ತು. ಅದರಲ್ಲಿ ಕೆಲಸ ನಡೆಯುತ್ತಿದ್ದದ್ದು ಒಂದೂವರೆ ದಿನ, ಉಳಿದದ್ದೆಲ್ಲ ಕಾಯುವುದು. ರಿಲೀಸ್ ಮಾಡಲು ಬರುತ್ತಿದ್ದದ್ದು ನಮ್ಮಲ್ಲಿ ಒಬ್ಬನಿಗೆ ಮಾತ್ರ. ಇನ್ನಿಬ್ಬರು ಕಲಿತರು. ತಿಂಗಳ ರಿಲೀಸ್ ವಾರದ ರಿಲೀಸ್ ಆಯಿತು. ಪ್ರತಿಯೊಂದೂ ಚಿಕ್ಕದಾಗಿರುವುದರಿಂದ ಏನಾದರೂ ಕೆಟ್ಟರೆ ಎಲ್ಲಿ ಎಂದು ಬೇಗ ಗೊತ್ತಾಗುತ್ತದೆ. ಕೊಡಗಿಗೆ ಒಂದು ತಿದ್ದುಪಡಿ ಮಾಡಿಕೊಂಡೆವು. ಆ್ಯಪ್ ಸ್ಟೋರ್‌ಗೆ ಹಾಕಿದ ಕೂಡಲೇ ಗಡಿಯಾರ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ತೋಟದ ಫೋನಿಗೆ ನಾಲ್ಕು ದಿನ ಏನೂ ಇಳಿಯುವುದಿಲ್ಲ. ರೈಟರ್ ಫೋನಿನಲ್ಲಿ ಹೊಸದು ತೆರೆದ ದಿನವೇ ನಮಗೆ ಮುಗಿದ ದಿನ.

ಆದರೆ ಚೀಟಿಯ ಪರೀಕ್ಷೆಯಲ್ಲಿ ಇದೂ ಗೆಲ್ಲಲಿಲ್ಲ. ನಾವು ದೂರು ಬಂದ ಹೊತ್ತಿನಿಂದ ಎಣಿಸುತ್ತಿದ್ದೆವು. ಆ ಲೆಕ್ಕದಲ್ಲಿ ತೂಕದ ತಪ್ಪು ಸರಿಯಾಗಲು ಹಿಡಿದದ್ದು ಮೂರು ಗಂಟೆ. ಚೆನ್ನಾದ ಅಂಕಿ. ಆದರೆ ಆ ಮೂರು ಗಂಟೆಯ ಹಿಂದೆ ಯಾರಿಗೂ ಕಾಣದ ಮೂರು ವಾರ ಇತ್ತು. ಇನ್ನೊಂದು ಎಚ್ಚರ: ತಿಂಗಳಿಗೆ ನಾಲ್ಕು ರಿಲೀಸ್ ಮಾಡುವ ತಂಡದಲ್ಲಿ ಒಂದು ಕೆಟ್ಟರೆ 25 ಶೇಕಡಾ, ಮುಂದಿನ ತಿಂಗಳು ಸೊನ್ನೆ. ಇಷ್ಟು ಸಣ್ಣ ಎಣಿಕೆಗೆ ಶೇಕಡಾ ಹಾಕಬೇಡಿ. ಕೆಟ್ಟದ್ದು ಯಾವುದು, ಯಾಕೆ ಎಂದು ಒಂದೊಂದಾಗಿ ಬರೆದಿಡಿ.

ಹಾಗೆ ಬರೆದಿಡುವುದೇ ನಾಲ್ಕನೆಯ ವಿಧಾನ, ನನ್ನ ಮೆಚ್ಚಿನದು. ಬಹಳ ವರ್ಷ ಐಬಿಎಂನಲ್ಲಿದ್ದು ಆಮೇಲೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಇಂಜಿನಿಯರಿಂಗ್ ಸಂಸ್ಥೆಗೆ ಹೋದ ವಾಟ್ಸ್ ಹಂಫ್ರಿ, ಪ್ರತಿ ಪ್ರೋಗ್ರಾಮರ್ ತನ್ನ ಸಮಯವನ್ನೂ ತನ್ನ ತಪ್ಪುಗಳನ್ನೂ ತಾನೇ ಬರೆದಿಡುವ ಪದ್ಧತಿ ರೂಪಿಸಿದರು. 1995ರಲ್ಲಿ ಅದು ಪುಸ್ತಕವಾಗಿ ಬಂತು. ಪೂರ್ತಿ ಪದ್ಧತಿ ನಮ್ಮಿಂದ ಆಗಲಿಲ್ಲ. ನಿಮಿಷ ನಿಮಿಷ ಸಮಯ ಬರೆಯುವುದು ಮೂರು ವಾರಕ್ಕೆ ನಿಂತಿತು. ತಪ್ಪಿನ ಪಟ್ಟಿ ಉಳಿಯಿತು. ಪೇಟೆಯಲ್ಲಿ ಸಿಗುವ ಉದ್ದನೆಯ ಚೆಕ್‌ರೋಲ್ ಪುಸ್ತಕವನ್ನೇ ತಂದೆವು. ಯಾವಾಗ ಸಿಕ್ಕಿತು, ಎಲ್ಲಿ ಹುಟ್ಟಿತು, ಮೊದಲೇ ಎಲ್ಲಿ ಸಿಗಬಹುದಿತ್ತು, ಸರಿ ಮಾಡಲು ಎಷ್ಟು ಹೊತ್ತು, ಇಷ್ಟೇ ನಾಲ್ಕು ಕಾಲಂ. ಮಾಡಿದವರ ಹೆಸರಿಗೆ ಕಾಲಂ ಇಲ್ಲ. ಈ ಒಂದು ಷರತ್ತು ಇಲ್ಲದಿದ್ದರೆ ಪುಸ್ತಕ ತುಂಬುತ್ತಲೇ ಇರಲಿಲ್ಲ. ಅಪ್ಪನ ಮಳೆ ಡೈರಿಯಂತೆ ಅದನ್ನು ಇಡಬೇಕಿತ್ತು.

ಆರು ತಿಂಗಳಲ್ಲಿ 57 ಸಾಲು ಆಯಿತು. ಒಂದು ಮಧ್ಯಾಹ್ನ ಎಲ್ಲರೂ ಕೂತು ಎರಡನೇ ಕಾಲಂ ಮಾತ್ರ ಓದಿದೆವು. ಕೋಡ್ ಬರೆಯುವಾಗ ಆದ ತಪ್ಪುಗಳೇ ಜಾಸ್ತಿ ಇರುತ್ತವೆ ಎಂದು ನಾವೆಲ್ಲ ನಂಬಿದ್ದೆವು. ಆದರೆ ಆ 57ರಲ್ಲಿ 19 ತಪ್ಪುಗಳು ಒಂದೂ ಸಾಲು ಕೋಡ್ ಬರೆಯುವ ಮೊದಲೇ ಹುಟ್ಟಿದ್ದವು, ತೋಟದವರ ಜೊತೆ ಮಾತಾಡುವಾಗಲೇ. ಸರಿ ಮಾಡಲು ಅತಿ ಹೆಚ್ಚು ಹೊತ್ತು ತಿಂದದ್ದೂ ಅವೇ. ತೂಕದ ತಪ್ಪನ್ನು ಹಿಂದಿನ ದಿನಾಂಕ ಹಾಕಿ ಮೊದಲ ಸಾಲಿನಲ್ಲೇ ಬರೆದಿದ್ದೆವು. ಅದರ ಹುಟ್ಟು ಹುಡುಕಿದರೆ ರೈಟರ್ ಜೊತೆ ನಾನೇ ಮಾಡಿದ ಒಂದು ಫೋನ್ ಕರೆಗೆ ಹೋಗಿ ನಿಂತಿತು. ಅವರು "ರೌಂಡ್ ಮಾಡಿ" ಎಂದರು, ನಾನು "ಆಯ್ತು" ಎಂದೆ. ಕೂಡುವ ಮೊದಲಾ, ಆಮೇಲಾ ಎಂದು ಕೇಳಲಿಲ್ಲ. ಮೇಲಕ್ಕಾ, ಕೆಳಕ್ಕಾ ಎಂದೂ ಕೇಳಲಿಲ್ಲ.

ಮರುದಿನದಿಂದಲೇ ಒಂದು ಬದಲಾವಣೆ ಮಾಡಿದೆವು. ಯಾವ ಹೊಸ ಲೆಕ್ಕಕ್ಕೂ ಕೋಡ್ ಬರೆಯುವ ಮೊದಲು ರೈಟರ್ ಕೈಯಲ್ಲೇ ಮೂರು ನಿಜವಾದ ಚೀಟಿಗಳನ್ನು ಬರೆಸಿಕೊಳ್ಳುವುದು. ಒಂದು ಸುಲಭದ್ದು, ಒಂದು ಬಿಂದು ಇರುವುದು, ಒಂದು ವಿಚಿತ್ರದ್ದು. ಕೊನೆಯ ಉತ್ತರವನ್ನೂ ಅವರೇ ಬರೆಯಬೇಕು. ಆ ಮೂರೂ ಚೀಟಿ ನಮ್ಮ ಮೊದಲ ಮೂರು ಟೆಸ್ಟ್ ಆಗುತ್ತವೆ. ಮುಂದಿನ ಆರು ತಿಂಗಳಲ್ಲಿ ಮಾತಿನಲ್ಲಿ ಹುಟ್ಟಿದ ತಪ್ಪುಗಳು ಏಳಕ್ಕೆ ಇಳಿದವು. ಎಲ್ಲವೂ ಚೀಟಿಯಿಂದಲೇ ಎಂದು ನಾನು ಹೇಳುವುದಿಲ್ಲ. ಕೊಯ್ಲು ಇಲ್ಲದ ತಿಂಗಳುಗಳಲ್ಲಿ ಹೊಸ ಲೆಕ್ಕದ ಬೇಡಿಕೆಯೂ ಕಮ್ಮಿ. ಕೊಯ್ಲನ್ನು ಕೊಯ್ಲಿಗೇ ಹೋಲಿಸಬೇಕು. ಅದಕ್ಕೆ ಈ ವರ್ಷದ ಪುಸ್ತಕ ಮಾರ್ಚ್‌ವರೆಗೆ ತುಂಬಲಿ ಎಂದು ಕಾಯುತ್ತಿದ್ದೇನೆ.

ಆಮೇಲೆ ಓದುವಾಗ ಹೀಗೆ ಮೊದಲು ಪ್ರಶ್ನೆ ಇಟ್ಟುಕೊಂಡು ಅಳೆಯುವ ದಾರಿ ಹಳೆಯದೇ ಎಂದು ತಿಳಿಯಿತು. ನಾಸಾದ ಗೊಡಾರ್ಡ್ ಕೇಂದ್ರದ ಸಾಫ್ಟ್‌ವೇರ್ ಪ್ರಯೋಗಾಲಯದ ಅನುಭವದಿಂದ ವಿಕ್ಟರ್ ಬಾಸಿಲಿ, ಡೇವಿಡ್ ವೈಸ್ 1984ರಲ್ಲಿ ಬರೆದರು: ಮೊದಲು ಗುರಿ, ಆಮೇಲೆ ಪ್ರಶ್ನೆ, ಕೊನೆಗೆ ಅಳತೆ. ನಾವು ಸ್ಟೋರಿ ಪಾಯಿಂಟ್ ಮತ್ತು ಕವರೇಜ್‌ನಲ್ಲಿ ತಲೆಕೆಳಗಾಗಿ ಹೋಗಿದ್ದೆವು. ಉಪಕರಣ ಯಾವ ಅಂಕಿ ಕೊಟ್ಟಿತೋ ಅದನ್ನೇ ಗುರಿ ಮಾಡಿದ್ದೆವು.

ಹೊಸದಾಗಿ ಶುರು ಮಾಡುವ ಸಣ್ಣ ತಂಡ ನನ್ನನ್ನು ಕೇಳಿದರೆ, ಮೊದಲು ಪುಸ್ತಕ ತನ್ನಿ ಎನ್ನುತ್ತೇನೆ. ರಿಲೀಸ್ ತಡವಾಗುತ್ತಿದ್ದರೆ ಡೋರಾದ ಎರಡನೇ ಪ್ರಶ್ನೆ ಒಂದನ್ನೇ ಹಿಡಿಯಿರಿ. ಕವರೇಜ್ ವರದಿಯಲ್ಲಿ ಕೆಂಪು ಎಲ್ಲಿದೆ ಎಂದು ನೋಡಿ, ಶೇಕಡಾವನ್ನು ರಿಲೀಸ್‌ಗೆ ಷರತ್ತು ಮಾಡಬೇಡಿ. ಪಾಯಿಂಟ್ ಬೇಕಿದ್ದರೆ ಮುಂದಿನ ಎರಡು ವಾರದ ಅಂದಾಜಿಗೆ ಮಾತ್ರ ಇರಲಿ, ಗೋಡೆಗೆ ಬೇಡ.

ಹೋದ ವಾರ ಸಿದ್ದಾಪುರ ಕಡೆಯ ಒಂದು ಹೊಸ ತೋಟಕ್ಕೆ ಹೋಗಿದ್ದೆ. ರೈಟರ್ ಮೂರು ಚೀಟಿ ಬರೆದುಕೊಟ್ಟರು. ಮೂರನೆಯದರಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಚೀಲಕ್ಕೆ ಕೊಯ್ದಿದ್ದರು, ತೂಕ 91.3. "ಇದನ್ನು ನಿಮ್ಮ ಫೋನು ಹೆಂಗೆ ಹಂಚ್ತದೆ?" ಎಂದು ಕೇಳಿದರು. ಹಂಚಲು ಬರುತ್ತಿರಲಿಲ್ಲ. ಚೀಟಿಯನ್ನು ಪುಸ್ತಕಕ್ಕೆ ಪಿನ್ ಹಾಕಿ ಗೋಣಿಕೊಪ್ಪಲಿಗೆ ತಂದಿದ್ದೇನೆ.