ಅಂಕ ಹೆಚ್ಚಿದ ಫೋನೋ, ಕೈಗೆ ಒಗ್ಗುವ ಫೋನೋ?

ಶಿವಮೊಗ್ಗದ ನೆಹರು ರಸ್ತೆಯ ಅಂಗಡಿಯಲ್ಲಿ ಒಂದೇ ಬೆಲೆಗೆ ಎರಡು ಫೋನ್ ಮುಂದಿಟ್ಟರು ಅನ್ನಿ. ಒಂದರ ಆಂಟುಟು (ಫೋನಿನ ವೇಗ ಅಳೆದು ಅಂಕ ಕೊಡುವ ಆ್ಯಪ್) ಅಂಕ 8 ಲಕ್ಷ, ಇನ್ನೊಂದರದು 6 ಲಕ್ಷ. ಎರಡೂ ಒಂದೇ ಆವೃತ್ತಿಯ ಆಂಟುಟುವಿನವೇ ಎಂದು ಮೊದಲು ನೋಡಿ. ಇಲ್ಲವಾದರೆ ಹೋಲಿಕೆಯೇ ಸುಳ್ಳು.

ಆ 2 ಲಕ್ಷ ಬಹುಪಾಲು ಗ್ರಾಫಿಕ್ಸ್‌ನಿಂದ ಬಂದಿದ್ದರೆ ಗೇಮ್ ಆಡುವವರಿಗಷ್ಟೇ ಲಾಭ. ವಾಟ್ಸ್ಆ್ಯಪ್, ಫೋನ್‌ಪೇ, ಅಡಿಕೆ ಧಾರಣೆ ಇಷ್ಟೇ ನೋಡುವವರಿಗೆ ಇನ್ನೊಂದು ಅಳತೆ ಆ್ಯಪ್ ಗೀಕ್‌ಬೆಂಚ್‌ನ ಸಿಂಗಲ್-ಕೋರ್ ಅಂಕ (ಪ್ರೊಸೆಸರ್‌ನ ಒಂದೇ ಕೋರ್‌ನ ವೇಗ) ಹೆಚ್ಚು ಹೇಳುತ್ತದೆ. ಸ್ಟೋರೇಜ್ ಅದಕ್ಕಿಂತ ಮುಖ್ಯ: ಹಳೆಯ ಬಗೆಯ ಸ್ಟೋರೇಜ್ ಚಿಪ್ ಇಎಂಎಂಸಿ 5.1 ಸೆಕೆಂಡಿಗೆ ಸುಮಾರು 300 ಎಂಬಿ ಓದಿದರೆ, ಹೊಸ ಬಗೆಯ ಯುಎಫ್ಎಸ್ 2.2 ಸುಮಾರು 1000 ಎಂಬಿ. ಫೋಟೊ ತುಂಬಿದ ಮೇಲೆ ಮೊದಲು ತಡವರಿಸುವುದು ಇಎಂಎಂಸಿ ಫೋನೇ. 6 ಲಕ್ಷದ್ದರಲ್ಲಿ ಯುಎಫ್ಎಸ್ ಇದ್ದರೆ ನಮ್ಮ ಆಯ್ಕೆ ಅದು.

ಇಂಥ ಅಂಕ ಕೊಡುವ ಪರೀಕ್ಷೆ, ಅಂದರೆ ಬೆಂಚ್‌ಮಾರ್ಕ್, ಕೆಲವೇ ನಿಮಿಷದ ಓಟ. ಗ್ರಾಫಿಕ್ಸ್ ಅಳೆಯುವ 3ಡಿಮಾರ್ಕ್ ಆ್ಯಪ್‌ನ 20 ಸುತ್ತಿನ ಸ್ಟ್ರೆಸ್ ಟೆಸ್ಟ್‌ನಲ್ಲಿ ಸ್ಥಿರತೆ (ಅತಿ ಹೆಚ್ಚು ಅಂಕದ ಸುತ್ತಿಗೆ ಹೋಲಿಸಿದರೆ ಅತಿ ಕಡಿಮೆ ಅಂಕದ ಸುತ್ತಿನ ಪಾಲು) ಶೇ 60ಕ್ಕೆ ಇಳಿದರೆ, ಫೋನ್ ಬಿಸಿಯಾಗಿ ವೇಗ ತಗ್ಗಿಸಿಕೊಳ್ಳುತ್ತಿದೆ ಎಂದರ್ಥ. ಇನ್ನು ಕಳ್ಳಾಟ: ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್22 ಆ್ಯಪ್‌ಗಳ ವೇಗ ತಡೆದು ಬೆಂಚ್‌ಮಾರ್ಕ್‌ಗೆ ಮಾತ್ರ ಪೂರ್ತಿ ವೇಗ ಬಿಟ್ಟುಕೊಟ್ಟಿದ್ದಕ್ಕೆ 2022ರಲ್ಲಿ ಗೀಕ್‌ಬೆಂಚ್ ಅದನ್ನು ಪಟ್ಟಿಯಿಂದಲೇ ತೆಗೆಯಿತು.

ಹೊಸನಗರ, ಆಗುಂಬೆ ಕಡೆಯವರ ಕಷ್ಟವೇ ಬೇರೆ. ಸಿಗ್ನಲ್ ಸೊರಗಿದಲ್ಲಿ ಕೆಲಸಕ್ಕೆ ಬರುವುದು ನೆಟ್‌ವರ್ಕ್ ಹಿಡಿಯುವ ಮೋಡೆಮ್, ಆಂಟೆನಾ. ಈ ಅಂಕಗಳು ಅವನ್ನು ಅಳೆಯುವುದೇ ಇಲ್ಲ. ದೂರಕ್ಕೆ ಹರಡುವ 700 ಮೆಗಾಹರ್ಟ್ಸ್ ತರಂಗದ ಬ್ಯಾಂಡ್ 28, ಸಿಗ್ನಲ್ ಇಲ್ಲದಲ್ಲಿ ವೈಫೈ ಮೂಲಕ ಕರೆ ಮಾಡಿಸುವ ವೈಫೈ ಕಾಲಿಂಗ್ ಇವೆಯೇ ಕೇಳಿ. ಜಡಿಮಳೆಗಾಲದಲ್ಲಿ ಪರದೆ ಒದ್ದೆ ಬೆರಳಿಗೆ ಓಗೊಡಬೇಕು. ಬೆರಳು ನೀರಲ್ಲಿ ಅದ್ದಿ ಅಂಗಡಿಯಲ್ಲೇ ಟೈಪ್ ಮಾಡಿ ನೋಡಿ, ಅಂಗಡಿಯವರು ಗುರಾಯಿಸಿದರೂ ಚಿಂತೆಯಿಲ್ಲ.