34,500 ರೂಪಾಯಿಯ ಪೆಟ್ರೋಲ್ ಲಾನ್ ಮೂವರ್: ಒಳಗಿರುವ ಮಾಲಿನ ಬೆಲೆ ಎಷ್ಟು?

ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಕಾಫಿ ತೋಟದ ನಡುವೆ ಮನೆ, ಮುಂದೆ 12 ಸೆಂಟು ಹುಲ್ಲಿನ ಅಂಗಳ. ಈ ಅಂಗಳಕ್ಕೆ ಅಂತಲೇ ಮೂರು ವರ್ಷದ ಹಿಂದೆ 34,500 ಕೊಟ್ಟು 18 ಇಂಚು ಅಗಲಕ್ಕೆ ಹುಲ್ಲು ಕತ್ತರಿಸುವ ಪೆಟ್ರೋಲ್ ಲಾನ್ ಮೂವರ್ ತಂದೆ. ಮೂರು ಮಳೆಗಾಲ ಕಳೆದ ಮೇಲೆ ಈಗ ಬರೆಯುತ್ತಿದ್ದೇನೆ. ಬ್ರಾಂಡ್ ಹೆಸರು ಹಾಕುತ್ತಿಲ್ಲ. ನೋಡಿದರೆ ಇದೇ ಮೆಷಿನ್ ಬೇರೆ ಬಣ್ಣ, ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ಇನ್ನೂ ಒಂದೆರಡು ಹೆಸರಲ್ಲಿ ಅಂಗಡಿಯಲ್ಲಿ ಕೂತಿರುತ್ತದೆ.

ತೋಟದಲ್ಲಿ ಕಳೆ ಸವರುವ ವೀಡ್ ಕಟರ್ ಇರುವಾಗ ಇದು ಯಾಕೆ ಅಂತ ಕೇಳಬಹುದು. ವೀಡ್ ಕಟರ್ ಕಾಫಿ ಗಿಡದ ಮಧ್ಯೆ ಸರಿ. ಮನೆ ಮುಂದೆ ಅದು ಸಣ್ಣ ಕಲ್ಲನ್ನು ಎತ್ತಿ ಎಸೆಯುತ್ತದೆ, ನಮ್ಮಲ್ಲಿ ಒಬ್ಬ ಗೆಸ್ಟ್ ಕಾರಿನ ಗಾಜೇ ಹೋಯಿತು. ಹುಲ್ಲೂ ಸಮ ಬರುವುದಿಲ್ಲ. ಹಾಗಂತ ಬೆಳೆಯಲು ಬಿಟ್ಟರೆ ಜೂನ್ ಬಂತೆಂದರೆ ಜಿಗಣೆ ಕಾಟ, ಮಕ್ಕಳು ಅಂಗಳಕ್ಕೆ ಇಳಿಯುವ ಹಾಗಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಒಂದು ರಿಪೇರಿಯ ನೆಪದಲ್ಲಿ ಮೆಷಿನ್ ಬಿಚ್ಚಿಸಬೇಕಾಯಿತು. ಆಗ ಒಂದೊಂದು ಪಾರ್ಟಿನ ಬೆಲೆಯನ್ನೂ ಕುಶಾಲನಗರ, ಮೈಸೂರು ಎರಡು ಕಡೆ ವಿಚಾರಿಸಿ ಬರೆದಿಟ್ಟೆ. 160 ಸಿಸಿ ಇಂಜಿನ್ ಒಂದೇ ಬೇಕು ಅಂದರೆ 12,500. ಸ್ಟಾರ್ಟರ್, ಟ್ಯಾಂಕ್, ಕಾರ್ಬೊರೇಟರ್ ಎಲ್ಲಾ ಅದರ ಜೊತೆಗೇ ಬರುತ್ತವೆ. ಡೆಕ್, ಅಂದರೆ ಬ್ಲೇಡನ್ನು ಮುಚ್ಚಿರುವ ತಗಡು, 3,500. ತಾನೇ ಮುಂದಕ್ಕೆ ಹೋಗುವ ಮೆಷಿನ್ ಆದ್ದರಿಂದ ಗೇರ್ ಬಾಕ್ಸ್ ಮತ್ತು ಬೆಲ್ಟಿಗೆ 3,000. ಹ್ಯಾಂಡಲ್ 1,400, ನಾಲ್ಕು ಚಕ್ರಕ್ಕೆ 1,200, ಹುಲ್ಲು ತುಂಬುವ ಬ್ಯಾಗಿಗೆ 1,200, ಬ್ಲೇಡ್ ಮತ್ತು ಅದನ್ನು ಹಿಡಿಯುವ ಅಡಾಪ್ಟರ್ ಸೇರಿ 1,300. ಎರಡು ಕೇಬಲ್ 500, ನಟ್ಟು ಬೋಲ್ಟು ಅಂತ 400 ಇಟ್ಟುಕೊಂಡೆ. ಕೂಡಿದರೆ 25,000. ಅದರಲ್ಲಿ ಸರಿ ಅರ್ಧ ಬರೀ ಇಂಜಿನ್.

ಹಾಗಾದರೆ 9,500 ಲಾಭ ಅಂತ ತಿಳಿಯಬೇಡಿ. ಅದರಲ್ಲಿ ಜೋಡಣೆ, ಲಾರಿ ಬಾಡಿಗೆ, ಒಂದು ವರ್ಷದ ವಾರಂಟಿ, ಅಂಗಡಿಯವರ ಖರ್ಚು ಎಲ್ಲಾ ಇದೆ. ಅದೇ ರೀತಿ ಆ 25,000 ಕೂಡ ಮೆಷಿನ್ ತಯಾರಾದ ಖರ್ಚಲ್ಲ, ಯಾಕಂದ್ರೆ ಬಿಡಿ ಪಾರ್ಟಿನ ಬೆಲೆಯಲ್ಲಿ ಮಾರುವವನ ಲಾಭ ಆಗಲೇ ಸೇರಿರುತ್ತದೆ, ಕಾರ್ಖಾನೆಯವರಿಗೆ ಅದೇ ಪಾರ್ಟು ಸಾವಿರಗಟ್ಟಲೆ ತೆಗೆದುಕೊಂಡಾಗ ಎಷ್ಟೋ ಕಡಿಮೆಗೆ ಬಿದ್ದಿರುತ್ತದೆ. ನನ್ನ ಲೆಕ್ಕದಲ್ಲಿ ಈ ಮೆಷಿನ್‌ಗೆ 30,000 ನ್ಯಾಯವಾದ ಬೆಲೆ. ನಾನು ನಾಲ್ಕೂವರೆ ಸಾವಿರ ಜಾಸ್ತಿ ಕೊಟ್ಟಿದ್ದೇನೆ.

ಇಂಜಿನ್ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು. ಸ್ಪ್ರಿಂಕ್ಲರ್‌ಗೋ ಕೆರೆಯಿಂದ ನೀರೆತ್ತಲೋ ಇಟ್ಟ ಪೆಟ್ರೋಲ್ ಪಂಪ್ ಸೆಟ್ ಎಷ್ಟೋ ತೋಟದ ಮನೆಗಳಲ್ಲಿ ಇರುತ್ತದಲ್ವಾ, ಹಳೆಯದು ಸುಮ್ನೆ ಬಿದ್ದಿದೆ, ಅದರ ಇಂಜಿನನ್ನೇ ಇದಕ್ಕೆ ಕೂರಿಸಿದರೆ ಹನ್ನೆರಡು ಸಾವಿರ ಉಳಿಯಿತು ಅಂತ ನಾನೂ ಯೋಚಿಸಿದ್ದೆ. ಆಗುವುದಿಲ್ಲ. ಪಂಪಿನ ಇಂಜಿನ್ ಶಾಫ್ಟ್, ಅಂದರೆ ತಿರುಗುವ ದಂಡ, ಅಡ್ಡ ಇರುತ್ತದೆ, ಮೂವರಿನದು ನೇರ ಕೆಳಕ್ಕೆ ಇಳಿದು ಅದರ ತುದಿಯಲ್ಲೇ ಬ್ಲೇಡ್ ಕೂರುತ್ತದೆ. ಆದರೆ ಸ್ಪಾರ್ಕ್ ಪ್ಲಗ್ ನಮ್ಮಲ್ಲಿ ಎರಡಕ್ಕೂ ಒಂದೇ, ಬಿಪಿಆರ್6ಇಎಸ್ ಅನ್ನುವ ನಂಬರಿನದು. 200 ರೂಪಾಯಿ ಒಳಗೆ ಸಿಗುತ್ತದೆ.

ಇನ್ನು ಆ ರಿಪೇರಿ ಕಥೆ. ಎರಡನೇ ವರ್ಷ ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಮುಂಚೆ, ನೆಂಟರು ಬರುವವರಿದ್ದರು ಅಂತ ಅವಸರದಲ್ಲಿ ಹುಲ್ಲು ಹೊಡೆಯುವಾಗ ಕಡಿದ ಸಿಲ್ವರ್ ಓಕ್ ಬುಡಕ್ಕೆ ಬ್ಲೇಡ್ ಬಡಿದು ಮೆಷಿನ್ ಠಕ್ ಅಂತ ನಿಂತಿತು. ಆಮೇಲೆ ಸ್ಟಾರ್ಟ್ ಆಗಲೇ ಇಲ್ಲ. ಹಗ್ಗ ಎಳೆದರೆ ಕೈಯಿಂದ ಹಿಂದಕ್ಕೆ ಕಿತ್ತುಕೊಳ್ಳುತ್ತಿತ್ತು. ಮಾರಿದ ಅಂಗಡಿಯಲ್ಲಿ ಬಿಚ್ಚದೆಯೇ ಹೇಳಿದರು: ಕ್ರ್ಯಾಂಕ್ ಶಾಫ್ಟ್, ಅಂದರೆ ಬ್ಲೇಡ್ ಕೂರುವ ಆ ದಂಡ, ಬೆಂಡ್ ಆಗಿದೆ, ಕೂಲಿ ಸೇರಿ 9,000. ಬಹಳ ಬೇಜಾರಾಯಿತು. ಅಲ್ಲಿಂದ ಎತ್ತಿಕೊಂಡು ಗೋಣಿಕೊಪ್ಪದಲ್ಲಿ ವೀಡ್ ಕಟರ್, ಪಂಪ್ ರಿಪೇರಿ ಮಾಡುವ ಒಬ್ಬ ಹುಡುಗನ ಹತ್ತಿರ ಹೋದೆ. ಅವನು ಮೊದಲು ಪ್ಲಗ್ ವೈರ್ ಕಿತ್ತಿಟ್ಟ, ಮೆಷಿನ್ ಒರಗಿಸಿ ಬ್ಲೇಡನ್ನು ಕೈಯಲ್ಲಿ ನಿಧಾನ ತಿರುಗಿಸಿ ಮಧ್ಯದ ಬೋಲ್ಟ್ ಅಲ್ಲಾಡುತ್ತದಾ ಅಂತ ನೋಡಿದ. ಅಲ್ಲಾಡಲಿಲ್ಲ. ಮೇಲಿನ ಫ್ಲೈವೀಲ್, ಅಂದರೆ ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಬಿಚ್ಚಿದ.

"ಅಣ್ಣಾ, ಕ್ರ್ಯಾಂಕ್‌ಗೆ ಏನೂ ಆಗಿಲ್ಲ. ಕೀ ಕಟ್ ಆಗಿದೆ, ಅಷ್ಟೇ."

ಫ್ಲೈವೀಲನ್ನು ಶಾಫ್ಟಿಗೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಬೆರಳುಗುರಿನಷ್ಟು ಚಿಕ್ಕ ಲೋಹದ ತುಂಡು ಅದು. ಬ್ಲೇಡ್ ಥಟ್ಟನೆ ನಿಂತಾಗ ಭಾರದ ಫ್ಲೈವೀಲ್ ಇನ್ನೂ ತಿರುಗಲು ನೋಡುತ್ತದೆ, ಮಧ್ಯೆ ಸಿಕ್ಕ ಕೀ ಕತ್ತರಿಸಿ ಹೋಗುತ್ತದೆ. ಆಗ ಕಿಡಿ ಹೊತ್ತುವ ಸಮಯ ತಪ್ಪಿ ಇಂಜಿನ್ ಹತ್ತುವುದಿಲ್ಲ. ಕೀ 60 ರೂಪಾಯಿ, ಕೂಲಿ 350. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಹಳೆಯ ಕೀಯನ್ನು ನನ್ನ ಕೈಗೇ ಕೊಟ್ಟ, ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಬೆಲೆ ಪಟ್ಟಿ ಬರೆಯಲು ಶುರು ಮಾಡಿದ್ದೇ ಅವತ್ತು.

ಅದಕ್ಕೇ ಹೇಳುವುದು, ಮೂವರ್ ಕೊಳ್ಳುವಾಗ ಬಿಲ್ ಹಾಕಿಸುವ ಮೊದಲು ಬ್ಲೇಡ್, ಕಾರ್ಬೊರೇಟರ್, ಹಗ್ಗದ ಸ್ಟಾರ್ಟರ್, ಬೆಲ್ಟ್, ಫ್ಲೈವೀಲ್ ಕೀ, ಈ ಐದರ ಬೆಲೆ ಕೇಳಿ. ಸ್ಟಾಕ್ ಇದೆಯಾ ಅಂತಲೂ ಕೇಳಿ. ಇದೆ ಅಂದರೆ ತೆಗೆದು ತೋರಿಸಲು ಹೇಳಿ. ಬೆಲೆ ಹೇಳಲು ತಡವರಿಸಿದರೆ ಅಲ್ಲಿ ಕೊಳ್ಳಬೇಡಿ. ನನಗೆ ಕಾರ್ಬೊರೇಟರ್ 1,100 ಬಿತ್ತು. ಅದು ನನ್ನದೇ ತಪ್ಪು, ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟಿದ್ದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಎಳೆದುಕೊಂಡು ಕಾರ್ಬೊರೇಟರ್ ಕೆಡಿಸುತ್ತದೆ, ನಮ್ಮ ಜುಲೈನ ಥಂಡಿಯಲ್ಲಿ ಕೇಳಬೇಕಾ. ಈಗ ಜೂನ್ ಮೊದಲ ವಾರವೇ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ನಿಲ್ಲುವ ತನಕ ಓಡಿಸಿ, ಟ್ಯಾಂಕ್ ಖಾಲಿ ಮಾಡಿ ಇಡುತ್ತೇನೆ. ಮಳೆ ನಡುವೆ ಬಿಸಿಲು ಬಿಟ್ಟಾಗ ಬೇಕಾದಷ್ಟೇ ಹಾಕಿಕೊಂಡರಾಯಿತು.

ಮೆಷಿನ್ ಹೇಗಿದೆ ಅಂದರೆ, ಇಂಜಿನ್ ತುಂಬಾ ಚೆನ್ನಾಗಿದೆ. ಆಯಿಲ್ ಸರಿಯಾಗಿ ಬದಲಿಸಿದರೆ ಒಂದೆರಡು ಎಳೆತಕ್ಕೆ ಹತ್ತುತ್ತದೆ, ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ಹೊಡೆಯಬೇಕು, ಮೇಲೆ ಕೆಳಗೆ ಹೋದರೆ ಕಾಲು ಜಾರಿ ಬ್ಲೇಡಿನ ಅಡಿಗೆ ಹೋಗುವ ಅಪಾಯ. ಬ್ಯಾಗ್ ಒದ್ದೆ ಹುಲ್ಲಿಗೆ ಪ್ರಯೋಜನವಿಲ್ಲ, ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಚಕ್ರದಲ್ಲಿ ಬೇರಿಂಗ್ ಇಲ್ಲ, ಪ್ಲಾಸ್ಟಿಕ್ ಬುಷ್, ಎರಡು ವರ್ಷಕ್ಕೇ ಸವೆದು ಆಡುತ್ತಿವೆ.

ಎಲ್ಲಕ್ಕಿಂತ ಕೆಟ್ಟದ್ದು ಡೆಕ್. ಒದ್ದೆ ಹುಲ್ಲು ಅಡಿಗೆ ಅಂಟಿಕೊಂಡೇ ಇರುತ್ತದೆ, ಕೆರೆದು ಒರೆಸದಿದ್ದರೆ ತುಕ್ಕು. ಕೆರೆಯಲು ಒರಗಿಸುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಿರಬೇಕು, ಇಲ್ಲದಿದ್ದರೆ ಆಯಿಲ್ ಫಿಲ್ಟರಿಗೆ ಇಳಿಯುತ್ತದೆ. ಇಷ್ಟೆಲ್ಲಾ ಮಾಡಿಯೂ ಈ ವರ್ಷ ಹಿಂದಿನ ಮೂಲೆಯಲ್ಲಿ ತೂತು ಬಿತ್ತು. 3,500ರ ಹೊಸ ಡೆಕ್ ತರಿಸಲಿಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ 2 ಎಂಎಂ ತಗಡಿನ ತೇಪೆ ಹಾಕಿಸಿದೆ, 800 ರೂಪಾಯಿ. ಈಗ ಆ ಮೂಲೆಯೇ ಇಡೀ ಡೆಕ್ಕಿಗಿಂತ ಗಟ್ಟಿಯಾಗಿದೆ.