ಎವರ್‌ಡ್ರೈವ್ ಎನ್8 ಪ್ರೊ: ಗೇಮ್‌ಗಳಿಗಲ್ಲ, ಮ್ಯಾಪರ್‌ಗೆ ಕೊಟ್ಟ ದುಡ್ಡು

ಎವರ್‌ಡ್ರೈವ್ ಎನ್8 ಪ್ರೊ ಅಂದರೆ ನಿಂಟೆಂಡೊದ ಹಳೆಯ ಕನ್ಸೋಲ್ ಫ್ಯಾಮಿಕಾಮ್‌ಗೆ (ಅಮೆರಿಕದಲ್ಲಿ ಅದರ ಹೆಸರು ಎನ್‌ಇಎಸ್) ಹಾಕುವ, ಮೆಮೊರಿ ಕಾರ್ಡಿನಲ್ಲಿರುವ ಗೇಮ್ ಫೈಲ್‌ಗಳನ್ನು ಓಡಿಸುವ ಕಾರ್ಟ್ರಿಜ್. ಇದರ ಬಗ್ಗೆ ಮಾತಾಡುವವರೆಲ್ಲ "ಎಲ್ಲಾ ಗೇಮ್ ಒಂದರಲ್ಲೇ" ಅಂತ ಹೇಳಿ ಮುಗಿಸುತ್ತಾರೆ. ಅಷ್ಟೇ ಆಗಿದ್ದರೆ ನಾನು ಇದನ್ನು ಕೊಳ್ಳುತ್ತಿರಲಿಲ್ಲ. ಒಂದರಲ್ಲೇ ನೂರು ಗೇಮ್ ತುಂಬುವ ಕೆಲಸವನ್ನು ನಾವೆಲ್ಲ ಆಡಿ ಬೆಳೆದ ಹಳದಿ ಕಾರ್ಟ್ರಿಜ್‌ಗಳು ಯಾವತ್ತೋ ಮಾಡಿದ್ದವು, "9999999 ಇನ್ 1" ಅಂತ ಬರೆದುಕೊಂಡು. ನಾನು ಕೆಲವು ವರ್ಷಗಳಿಂದ ಎನ್8 ಪ್ರೊದ 60 ಪಿನ್ ಮಾದರಿಯನ್ನು ಜಪಾನಿನ ಎವಿ ಫ್ಯಾಮಿಕಾಮ್‌ಗೆ ಹಾಕಿ ಆಡುತ್ತಿದ್ದೇನೆ. ಇದರ ನಿಜವಾದ ಬೆಲೆ ಇರುವುದು ಬ್ಯಾಂಕ್ ಸ್ವಿಚಿಂಗ್‌ನಲ್ಲಿ, ಅಂದರೆ ಗೇಮ್‌ನ ಮೆಮೊರಿಯನ್ನು ತುಂಡು ತುಂಡಾಗಿ (ಒಂದೊಂದು ತುಂಡೂ ಒಂದು ಬ್ಯಾಂಕ್) ಬದಲಿಸುತ್ತಾ ಕನ್ಸೋಲ್‌ಗೆ ತೋರಿಸುವುದರಲ್ಲಿ.

ಫ್ಯಾಮಿಕಾಮ್ ಪ್ರೊಸೆಸರ್‌ಗೆ ಇರುವುದು ಮೆಮೊರಿಯ ವಿಳಾಸ ಹೇಳುವ 16 ತಂತಿ, ಅಂದರೆ ಅಡ್ರೆಸ್ ಲೈನ್. ಒಟ್ಟು 64 ಕೆಬಿ ಕಾಣುತ್ತದೆ, ಅದರಲ್ಲಿ ಕಾರ್ಟ್ರಿಜ್‌ನ ಕೋಡಿಗೆ ಸಿಗುವುದು 32 ಕೆಬಿ. ಚಿತ್ರಗಳಿಗೆ ಬೇರೆ 8 ಕೆಬಿ. ಮೊದಲ ಸೂಪರ್ ಮಾರಿಯೊ ಬ್ರದರ್ಸ್ ಈ 40 ಕೆಬಿಯಲ್ಲೇ ಮುಗಿದಿದೆ. 1988ರ ಸೂಪರ್ ಮಾರಿಯೊ 3 ಮಾತ್ರ 384 ಕೆಬಿ! ಅಷ್ಟನ್ನು ಅಷ್ಟು ಚಿಕ್ಕ ಜಾಗದಲ್ಲಿ ತೋರಿಸುವುದು ಕಂಪನಿ ನಾಟಕದ ಪರದೆ ಇದ್ದ ಹಾಗೆ: ರಂಗ ಅಷ್ಟೇ ಅಗಲ, ಹಿಂದಿನ ಪರದೆ ಎಳೆದರೆ ಬೀದಿ ಹೋಗಿ ಅರಮನೆ ಬಂತು. ಆ ಪರದೆ ಎಳೆಯುವ ಚಿಪ್ಪೇ ಮ್ಯಾಪರ್. ಗೇಮ್ ತನ್ನದೇ ರೋಮ್‌ನ (ಓದಲು ಮಾತ್ರ ಆಗುವ ಮೆಮೊರಿ) ವಿಳಾಸಕ್ಕೆ ಒಂದು ಸಂಖ್ಯೆ ಬರೆಯುತ್ತದೆ. ರೋಮ್‌ಗೆ ಬರೆಯಲು ಆಗುವುದಿಲ್ಲ ಅಲ್ವಾ, ಆದರೆ ಮಧ್ಯದಲ್ಲಿ ಕೂತ ಮ್ಯಾಪರ್ ಅದನ್ನು ಹಿಡಿದುಕೊಂಡು ಬೇರೆ ಬ್ಯಾಂಕನ್ನು ಮುಂದಕ್ಕೆ ತರುತ್ತದೆ.

ಎಲ್ಲಾ ಮ್ಯಾಪರ್‌ಗಳೂ ಕಷ್ಟದವಲ್ಲ. ಅಮೆರಿಕದ ಕಾಂಟ್ರಾ ಬಳಸಿದ್ದು ಯುಎನ್‌ರೋಮ್ ಬೋರ್ಡ್, ಅದರಲ್ಲಿ ಬ್ಯಾಂಕ್ ಬದಲಿಸಲು ಇದ್ದದ್ದು 74161 ಮತ್ತು 7432 ಅನ್ನುವ ಎರಡು ಸಾದಾ ಲಾಜಿಕ್ ಚಿಪ್, ಅಷ್ಟೇ. (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌ಪಿ ರೋಡ್‌ನಲ್ಲಿ ಕೇಳಿದರೆ ಇವತ್ತಿಗೂ ಚಿಲ್ಲರೆ ದುಡ್ಡಿಗೆ ಸಿಗುವ ಚಿಪ್‌ಗಳು.) 16 ಕೆಬಿಯ ಒಂದು ಬ್ಯಾಂಕ್ ಬದಲಾಗುತ್ತದೆ, ಕೊನೆಯ 16 ಕೆಬಿ ಅಲ್ಲಾಡುವುದಿಲ್ಲ. ಇಂಥವನ್ನು ಯಾವ ಅಗ್ಗದ ಕಾರ್ಟ್ರಿಜ್ ಬೇಕಾದರೂ ಓಡಿಸುತ್ತದೆ.

ತೊಂದರೆ ಶುರುವಾಗುವುದು ನಿಂಟೆಂಡೊದ ಎಂಎಂಸಿ3 ಅನ್ನುವ ಮ್ಯಾಪರ್‌ನಿಂದ. ಅದು ಬ್ಯಾಂಕ್ ಬದಲಿಸುವುದರ ಜೊತೆಗೆ ಟಿವಿಯ ಮೇಲೆ ಬರೆಯುತ್ತಿರುವ ಗೆರೆಗಳನ್ನು ಎಣಿಸುತ್ತದೆ, ಹೇಳಿದ ಗೆರೆ ಬಂದಾಗ ಪ್ರೊಸೆಸರ್‌ಗೆ ಇಂಟರಪ್ಟ್ (ಕೈಯಲ್ಲಿರುವ ಕೆಲಸ ಬಿಟ್ಟು ಇತ್ತ ನೋಡು ಅನ್ನುವ ಸೂಚನೆ) ಕೊಡುತ್ತದೆ. ಮಾರಿಯೊ 3ರಲ್ಲಿ ಮೇಲೆ ಆಟ ಸರಿಯುತ್ತಿದ್ದರೂ ಕೆಳಗಿನ ಸ್ಕೋರ್ ಪಟ್ಟಿ ನಿಂತಲ್ಲೇ ನಿಲ್ಲುವುದು ಇದರಿಂದಲೇ. ಎನ್8 ಪ್ರೊಗೂ ಮುಂಚೆ ನಾನು ಆನ್‌ಲೈನ್‌ನಲ್ಲಿ ತರಿಸಿದ್ದ ಒಂದು ಅಗ್ಗದ ಫ್ಲ್ಯಾಶ್ ಕಾರ್ಟ್ರಿಜ್ ಬ್ಯಾಂಕ್‌ಗಳನ್ನೇನೋ ಸರಿಯಾಗಿ ಬದಲಿಸುತ್ತಿತ್ತು, ಆದರೆ ಗೆರೆ ಎಣಿಕೆ ತಪ್ಪಿ ಆ ಪಟ್ಟಿ ಇಡೀ ಆಟ ನಡುಗುತ್ತಲೇ ಇರುತ್ತಿತ್ತು, ಐದು ನಿಮಿಷ ನೋಡಿದರೆ ತಲೆನೋವು. ಎನ್8 ಪ್ರೊದಲ್ಲಿ ಇಷ್ಟು ದಿನದಲ್ಲಿ ಒಮ್ಮೆಯೂ ಹಾಗಾಗಿಲ್ಲ.

ಕಾರಣ ಒಳಗಿರುವ ಎಫ್‌ಪಿಜಿಎ, ಅಂದರೆ ಬೇಕಾದ ಸರ್ಕ್ಯೂಟ್ ಆಗಿ ಬದಲಾಗಬಲ್ಲ ಚಿಪ್. ಗೇಮ್ ಆರಿಸಿದ ತಕ್ಷಣ ಕಾರ್ಟ್ರಿಜ್ ಫೈಲ್‌ನ ಹೆಡರ್‌ನಲ್ಲಿರುವ (ಫೈಲ್‌ನ ಶುರುವಿನ ಮಾಹಿತಿ ಭಾಗ) ಮ್ಯಾಪರ್ ನಂಬರ್ ನೋಡುತ್ತದೆ: ಎಂಎಂಸಿ1 ಆದರೆ 1, ಯುಎನ್‌ರೋಮ್ ಆದರೆ 2, ಎಂಎಂಸಿ3 ಆದರೆ 4. ಆಮೇಲೆ ಅದಕ್ಕೆ ತಕ್ಕ ಸರ್ಕ್ಯೂಟ್ ಅನ್ನು ಮೈಕ್ರೊಎಸ್‌ಡಿ ಕಾರ್ಡಿನಿಂದ ತಂದು ಎಫ್‌ಪಿಜಿಎ ಒಳಗೆ ಕಟ್ಟುತ್ತದೆ. ಹಾಗಾಗಿ ಹೆಡರ್ ತಪ್ಪಿದ್ದರೆ ಗೇಮ್ ಓಡುವುದಿಲ್ಲ. ಅದಕ್ಕೆ ಕಾರ್ಟ್ರಿಜ್‌ನ ಬೈಯಬೇಡಿ, ಫೈಲ್ ಸರಿ ಮಾಡಿಕೊಳ್ಳಿ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಜಪಾನಿನ ಕಾಂಟ್ರಾ. ನಮಗೆಲ್ಲ ಬಾಯಿಪಾಠ ಆಗಿರುವ ಗೇಮ್ ಅದು. ಆದರೆ ಜಪಾನಿನದರಲ್ಲಿ ಕೊನಾಮಿಯವರ ಸ್ವಂತ ವಿಆರ್‌ಸಿ2 ಚಿಪ್ ಇತ್ತು, ಚಿತ್ರದ ಬ್ಯಾಂಕ್‌ಗಳನ್ನು 1 ಕೆಬಿ ತುಂಡುಗಳಲ್ಲಿ ಬದಲಿಸುತ್ತಿತ್ತು. ಅದಕ್ಕೇ ಮೊದಲ ಹಂತದ ಮರದ ಎಲೆಗಳು ಅಲ್ಲಾಡುತ್ತವೆ, ಹಿಮದ ಹಂತದಲ್ಲಿ ಹಿಮ ಬೀಳುತ್ತದೆ. ಹಂತಗಳ ನಡುವೆ ಮ್ಯಾಪ್ ಕೂಡ ಬರುತ್ತದೆ. ಅಮೆರಿಕಕ್ಕೆ ಹೋದಾಗ ಆ ಚಿಪ್ ಹೋಯಿತು, ಎಲೆಗಳೂ ನಿಂತವು.

ಇನ್ನೊಂದು ಕ್ಯಾಸಲ್‌ವೇನಿಯಾ 3. ಜಪಾನಿನ 1989ರ ಆವೃತ್ತಿಯ ವಿಆರ್‌ಸಿ6 ಚಿಪ್ ಬ್ಯಾಂಕ್ ಬದಲಿಸುವುದರ ಜೊತೆಗೆ ಮೂರು ಹೆಚ್ಚುವರಿ ಧ್ವನಿ ಚಾನೆಲ್ ಕೊಡುತ್ತದೆ. ಅಮೆರಿಕದ್ದರಲ್ಲಿ ಎಂಎಂಸಿ5 ಹಾಕಿದರು, ಆ ಮೂರು ಚಾನೆಲ್ ಇಲ್ಲ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಸಂಗೀತ ಗೊತ್ತಿಲ್ಲದವರಿಗೂ ವ್ಯತ್ಯಾಸ ತಿಳಿಯುತ್ತದೆ.

ಕೊರತೆಗಳೂ ಇವೆ. ಬೆಲೆ ನೂರು ಡಾಲರ್‌ಗಿಂತ ಜಾಸ್ತಿ, ಮೇಲೆ ಸಾಗಣೆ, ಕಸ್ಟಮ್ಸ್. ಮೆನು ನೋಡಲು ಸಪ್ಪೆ. ನನ್ನ ಹಳೆಯ ಕ್ಲೋನ್ (ಫ್ಯಾಮಿಕಾಮ್‌ನ ನಕಲು) ಕನ್ಸೋಲ್‌ಗೆ ಹಾಕಿದರೆ ಕೆಲವು ಗೇಮ್‌ಗಳಲ್ಲಿ ಪರದೆ ಮಿಣುಕುತ್ತದೆ, ಅದಕ್ಕೆ ನಾನು ಕ್ಲೋನನ್ನೇ ದೂರುತ್ತೇನೆ. ಗೇಮ್ ಫೈಲ್ ಇದರ ಜೊತೆ ಬರುವುದಿಲ್ಲ. ನಿಮ್ಮ ಕಾರ್ಟ್ರಿಜ್‌ಗಳಿಂದ ನೀವೇ ತೆಗೆದುಕೊಳ್ಳಬೇಕು, ಇಲ್ಲವೇ ಹೊಸಬರು ಬರೆದ ಗೇಮ್‌ಗಳನ್ನು ಕೊಳ್ಳಬೇಕು. 2019ರ ಮೈಕ್ರೊ ಮೇಜಸ್ ಚೆನ್ನಾಗಿದೆ. ತಮಾಷೆ ಅಂದರೆ ಅದು ಬರೀ 40 ಕೆಬಿ, ಮ್ಯಾಪರ್ ಬೇಕೇ ಇಲ್ಲ.

ಮೊದಲ ಮಾರಿಯೊ, ಅಮೆರಿಕದ ಕಾಂಟ್ರಾ, ಬಾಂಬರ್‌ಮ್ಯಾನ್ ಸಾಕು ಅನ್ನುವವರು ಸುಮ್ನೆ ಇಷ್ಟು ದುಡ್ಡು ಹಾಕಬೇಡಿ. ಉಳಿದವರಿಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಆರ್ಡರ್ ಮಾಡುವ ಮುಂಚೆ ಪಿನ್ ನೋಡಿಕೊಳ್ಳಿ: ಫ್ಯಾಮಿಕಾಮ್‌ಗೆ 60, ಅಮೆರಿಕದ ಎನ್‌ಇಎಸ್‌ಗೆ 72. ಎನ್‌ಇಎಸ್ ಇಟ್ಟುಕೊಂಡವರು ಆ ಹೆಚ್ಚುವರಿ ಚಾನೆಲ್‌ಗಳನ್ನು ಕೇಳಬೇಕಾದರೆ ಕನ್ಸೋಲ್ ತಳದ ಪೋರ್ಟ್‌ನಲ್ಲಿ ಒಂದು ರೆಸಿಸ್ಟರ್ ಕೂಡ ಹಾಕಿಸಿಕೊಳ್ಳಬೇಕು.